ಬೇರಿನ ಕೆಂಪು

ಕೋಟ್ಪಾಡಿನ ಶಾಲು ಮೊದಲ ಸಲ ಕೈಗೆ ಬಂದಾಗ ನಾನು ನೋಡಿದ್ದಕ್ಕಿಂತ ಮೂಸಿದ್ದೇ ಹೆಚ್ಚು. ಹರಳೆಣ್ಣೆಯ ವಾಸನೆ! ಇಳಕಲ್ಲಿನಲ್ಲಿ ನೂಲಿಗೆ ಬಣ್ಣ ಹಾಕುವವರ ಮನೆಯಲ್ಲಿ ಬೆಳೆದವಳು ನಾನು. ಅಪ್ಪನ ಬಣ್ಣವೆಲ್ಲ ಡಬ್ಬಿಯದು, ಅಂಗಳದಲ್ಲಿ ಮೂಗು ಮುಚ್ಚಿಸುವಂಥ ಘಾಟು.

ಕೋಟ್ಪಾಡ್ ಇರುವುದು ಒಡಿಶಾದ ಕೊರಾಪುಟ್ ಜಿಲ್ಲೆಯಲ್ಲಿ, ಬಸ್ತರಿನ ಮಗ್ಗುಲಿಗೆ. ಅಲ್ಲಿಯ ಕೆಂಪು ಹುಟ್ಟುವುದು ‘ಆಲ್’ ಗಿಡದ ಬೇರಿನ ತೊಗಟೆಯಲ್ಲಿ. ನಮ್ಮ ಆಲದ ಮರವಲ್ಲ, ನೋನಿ ಎಂದು ಬಾಟಲಿಯಲ್ಲಿ ರಸ ಮಾರುತ್ತಾರಲ್ಲ, ಆ ಜಾತಿಯದು. ಈಗ ಗಿರಾಕಿ ಇರುವುದು ಹಣ್ಣಿಗೆ, ಬೇರನ್ನು ಕೇಳುವವರು ಕಡಿಮೆ.

ನೇಯುವವರು ಮಿರ್ಗಾನರು. ಉಡುತ್ತಿದ್ದವರು ಗದಬ, ಭತ್ರಾ, ಪರಜಾ ಆದಿವಾಸಿ ಹೆಂಗಸರು. ಮೈಬಗ್ಗಿಸಿ ದುಡಿಯುವವರಿಗೆ ಮೊಣಕಾಲಿಗೆ ನಿಲ್ಲುವ 8 ಮೊಳದ ಸೀರೆ, ಪಾದ ಮುಟ್ಟಬೇಕಾದರೆ 16 ಮೊಳದ್ದು. ಸೆರಗಿನಲ್ಲಿ ಏಡಿ, ಮೀನು, ಶಂಖ, ಕೊಡಲಿ. ಗುಂಡಿಮಗ್ಗದಲ್ಲಿ ಕೂರುವವನು ಹೆಚ್ಚಾಗಿ ಗಂಡಸು, ಬಣ್ಣದ ಪಾಡು ಮಾತ್ರ ಮನೆಯ ಹೆಂಗಸರದು. ಪಾಡು ಎಂದೆ, ಸುಮ್ಮನೆ ಅಲ್ಲ. ಹತ್ತಿ ನೂಲು ಬೇರಿನ ಕೆಂಪನ್ನು ಸುಲಭಕ್ಕೆ ಹಿಡಿಯುವುದಿಲ್ಲ. ಲಡಿಗಳಿಗೆ ಹರಳೆಣ್ಣೆ, ಸಗಣಿ, ಕಟ್ಟಿಗೆಯ ಬೂದಿನೀರು ತಿಕ್ಕಿ ಬಿಸಿಲಿಗೆ ಹಾಕಬೇಕು. ಮತ್ತೆ ಎಣ್ಣೆ, ಮತ್ತೆ ಬೂದಿನೀರು, ಮತ್ತೆ ಬಿಸಿಲು. ಹೀಗೆ 15 ದಿನವಾದರೂ ಬೇಕು. ಮೋಡ ಕವಿಯಿತೋ, ಕೆಲಸ ನಿಂತಿತು. ಆಮೇಲಷ್ಟೇ ಆಲ್ ಪುಡಿ ಕುದಿಯುವ ಮಡಕೆಗೆ ನೂಲು ಇಳಿಯುತ್ತದೆ. ಅದಕ್ಕೆ ಅನ್ನಭೇದಿ ಬಿತ್ತೆಂದರೆ ಕೆಂಪು ಕಾಫಿಪುಡಿಯ ಬಣ್ಣಕ್ಕೆ, ಇನ್ನೂ ಕಪ್ಪಿಗೆ ತಿರುಗುತ್ತದೆ.

ಒಂದು ಕಾಲಕ್ಕೆ ಬುಂದೇಲಖಂಡದಲ್ಲಿ ಆಲ್ ಹೊಲದ ಬೆಳೆಯಾಗಿತ್ತು. 1868ರಲ್ಲಿ ಜರ್ಮನಿಯ ಗ್ರೇಬೆ ಮತ್ತು ಲೀಬರ್‌ಮಾನ್ ಕಲ್ಲಿದ್ದಲ ಡಾಂಬರಿನ ಸರಕಿನಿಂದ ಅಲಿಝರಿನ್ ಕೆಂಪು ತಯಾರಿಸಿದರು. ಅದು ಪೇಟೆಗೆ ಬಂದ ಮೇಲೆ ಆಲ್ ಹೊಲಗಳು ಬೇರೆ ಬೆಳೆಗೆ ಹೋದವು. ಅಪ್ಪನ ಡಬ್ಬಿಗಳೂ ಆ ಡಾಂಬರಿನ ಬಳಗದವೇ. ಕೋಟ್ಪಾಡ್ ಉಳಿದದ್ದಕ್ಕೆ ದೂರದ ಕಾಡು ಕಾರಣ ಎನ್ನುತ್ತಾರೆ. ನನಗೆ ಅಷ್ಟೇ ಅನ್ನಿಸುವುದಿಲ್ಲ. ಸಂತೆಗೆ ಬರುವ ಆದಿವಾಸಿ ಹೆಂಗಸು ಈ ಕೆಂಪೇ ಬೇಕೆಂದು ಕೇಳಿದಳು. ನೇಕಾರ ಉಳಿದದ್ದು ಅವಳ ಹಟಕ್ಕೆ.

2005ರಲ್ಲಿ ಕೋಟ್ಪಾಡ್ ಬಟ್ಟೆಗೆ ಭೌಗೋಳಿಕ ಗುರುತು ಸಿಕ್ಕಿತು. 2018ರಲ್ಲಿ ನೇಕಾರ ಗೋವರ್ಧನ ಪಾಣಿಕರಿಗೆ ಪದ್ಮಶ್ರೀ ಬಂತು. ಶಾಲು, ಸೀರೆಗಳು ದೊಡ್ಡ ಊರುಗಳ ಮೇಳಕ್ಕೆ ಬಂದವು. ನೇಯುವ ಮನೆಗೆ ಅದರಿಂದ ಅನ್ನ ಉಂಟು, ಬೇಡ ಎನ್ನಲಾರೆ. ಆದರೆ ಇಷ್ಟು ಕಾಲ ಇದನ್ನು ಉಟ್ಟು ಉಳಿಸಿದವಳಿಗೆ ಮಿಲ್ಲಿನ ಸೀರೆ ಅಗ್ಗವಾಯಿತು, ಈ ಬಟ್ಟೆ ದುಬಾರಿಯಾಯಿತು. ಅವಳು ಬಿಟ್ಟದ್ದನ್ನು ನಾನು ಹೊದೆಯುತ್ತಿದ್ದೇನೆ.

ಊರಿಗೆ ಹೋದಾಗ ಶಾಲನ್ನು ಅಪ್ಪನ ಮುಂದೆ ಹರವಿದೆ. ಆತ ಅಂಚನ್ನು ಎಂಜಲು ಬೆರಳಿನಿಂದ ತಿಕ್ಕಿ, ಬೆರಳನ್ನು ಬಿಳಿ ಧೋತರಕ್ಕೆ ಒರೆಸಿ, ಬೆಳಕಿಗೆ ಹಿಡಿದು ನೋಡಿದ.

“ಬಿಡವಲ್ದಲ್ಲವಾ ಬಣ್ಣ. ಯಾವ ಕಂಪನೀದಿದು?”