ಬೆರಳಿನ ಸ್ಪರ್ಶವೂ ಸ್ವರಸ್ಥಾನವೂ

ಬಂಟವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬಯಲಾಟವನ್ನು ಕಂಡವರಿಗೆ ಒಂದು ಸಂಗತಿಯು ವಿದಿತವೇ ಆಗಿದೆ. ಭಾಗವತರ ಬಳಿಯ ಹಾರ್ಮೋನಿಯಮ್ಮಿಗೆ ಮನೆಗಳೆಷ್ಟಿದ್ದರೂ ಅದರ ಕೆಲಸವು ಶ್ರುತಿ ಹಿಡಿಯುವುದಷ್ಟೇ. ಪದ್ಯದ ಧಾಟಿಯನ್ನು ಅದರಲ್ಲಿ ನುಡಿಸುವುದಿಲ್ಲ. ಹಿಂದೆ ಪುಂಗಿಯು ಮಾಡುತ್ತಿದ್ದುದನ್ನೇ ಈ ಪರದೇಶದ ಪೆಟ್ಟಿಗೆಗೆ ಒಪ್ಪಿಸಿದರು. ಇದನ್ನು ಗ್ರಾಮ್ಯರ ಅಜ್ಞಾನವೆಂದೆಣಿಸುವವರುಂಟು. ನಮಗಾದರೋ ಇದು ಸೂಕ್ಷ್ಮವಿವೇಕವಾಗಿಯೇ ತೋರುತ್ತದೆ. ಮನೆಯ ಸ್ವರವು ನಿಶ್ಚಲ, ಗಮಕಕ್ಕೆ ಬೇಕಾದುದು ಚಲನೆ. ಆಕಾಶವಾಣಿಯು 1940ರಲ್ಲಿ ಈ ವಾದ್ಯವನ್ನು ನಿಷೇಧಿಸಿದುದಕ್ಕೂ ಇದೊಂದು ಮುಖ್ಯ ಆಕ್ಷೇಪವಾಗಿದ್ದಿತು. 1971ರಲ್ಲಿ ಆ ನಿಷೇಧವು ಸಡಿಲವಾಯಿತು.

ಮನೆಗಳ ಪಂಕ್ತಿಯು ವಿದ್ಯುದ್ವಾದ್ಯಕ್ಕೂ ಬೇಕೇ ಎಂಬ ಪ್ರಶ್ನೆಯು ಅಮೆರಿಕದಲ್ಲಿ 1960ರ ದಶಕದಲ್ಲಿ ಎದ್ದಿತು. ಮಾಡ್ಯುಲರ್ ಸಿಂಥೆಸೈಜರ್ ಎಂಬುದು ನಾದವನ್ನು ಹುಟ್ಟಿಸುವ, ಸೋಸುವ, ಏರಿಳಿಸುವ ಬೇರೆ ಬೇರೆ ಘಟಕಗಳನ್ನು ತಂತಿಗಳಿಂದ ಕೂಡಿಸಿದ ಯಂತ್ರ. ಅಲ್ಲಿ ಸ್ವರದ ಎತ್ತರವನ್ನು ಆಳುವುದು ವೋಲ್ಟೇಜು. ರಾಬರ್ಟ್ ಮೋಗ್ ಎಂಬವನ ಪದ್ಧತಿಯಲ್ಲಿ ಒಂದು ಸ್ಥಾಯಿಗೆ ಒಂದು ವೋಲ್ಟ್. ಮೋಗನು ಪಿಯಾನೋ ಮನೆಗಳನ್ನು ಉಳಿಸಿಕೊಂಡನು. ಕ್ಯಾಲಿಫೋರ್ನಿಯಾದ ಡಾನ್ ಬುಕ್ಲಾ ಅವನ್ನೊಲ್ಲದೆ, ಬೆರಳು ಸೋಕಿದೊಡನೆ ಎಚ್ಚರುವ ಫಲಕಗಳನ್ನಿಟ್ಟನು. ಗುಂಡಿ ತಿರುಗಿಸಿ ಪ್ರತಿಯೊಂದು ಫಲಕದ ವೋಲ್ಟೇಜನ್ನೂ ಬೇರೆ ಬೇರೆಯಾಗಿ ಹೊಂದಿಸಬಹುದಿತ್ತು.

ಇಲ್ಲಿ ನಮ್ಮ ಶಾಸ್ತ್ರವು ಸ್ಮರಣೆಗೆ ಬರುತ್ತದೆ. ಭರತಮುನಿಯು ಎರಡು ವೀಣೆಗಳನ್ನು ಸಮವಾಗಿ ಶ್ರುತಿಗೂಡಿಸಿ, ಒಂದನ್ನು ಕ್ರಮವಾಗಿ ಇಳಿಸುತ್ತ 22 ಶ್ರುತಿಗಳನ್ನು ಸಾಧಿಸುತ್ತಾನೆ. 13ನೆಯ ಶತಮಾನದ ಶಾರ್ಙ್ಗದೇವನು ಅವಕ್ಕೆ ಧ್ರುವ, ಚಲ ಎಂದು ಹೆಸರಿಟ್ಟು ಒಂದೊಂದಕ್ಕೂ 22 ತಂತಿಗಳನ್ನು ವಿಧಿಸುತ್ತಾನೆ. ಬುಕ್ಲಾನ ಫಲಕಗಳು ಚಲವೀಣೆಯನ್ನು ಹೋಲುತ್ತವೆಂದು ಹೇಳಲು ಮನಸ್ಸಾಗುತ್ತದೆ. ಆದರೆ ಈ ಸಾಮ್ಯವು ಅರ್ಧದ್ದೇ ಸರಿ. ಸ್ಥಾನಗಳನ್ನು ಬೇಕಾದಂತೆ ಹೊಂದಿಸಬಹುದಾದರೂ ಫಲಕದಿಂದ ಫಲಕಕ್ಕೆ ಹೋಗುವಲ್ಲಿ ನಡುವಿನ ಹಾದಿಯಿಲ್ಲ. ಗಮಕವಿರುವುದು ಆ ಹಾದಿಯಲ್ಲಿ. ಹಾದಿಯನ್ನು ಅದಕ್ಕೂ ಮೊದಲೇ ಹಿಡಿದವನು ಬರ್ಲಿನ್ನಿನ ಟ್ರೌಟ್‌ವೈನ್. 1930ರ ಅವನ ವಾದ್ಯದಲ್ಲಿ ಪ್ರತಿರೋಧದ ತಂತಿಯನ್ನು ಲೋಹದ ಪಟ್ಟಿಗೆ ಒತ್ತಿದೆಡೆಯಲ್ಲಿ ಸ್ವರವು ಹುಟ್ಟಿ, ಬೆರಳು ಜಾರಿದಂತೆ ಜಾರುವುದು.

ಇಂದು ಸ್ಪರ್ಶಫಲಕವನ್ನು ರಚಿಸುವವರು ಇವೆರಡನ್ನೂ ಕೂಡಿಸಬೇಕಾಗಿದೆ. ಬೆರಳು ಬಿದ್ದ ಕ್ಷಣದಲ್ಲಿ ಸಮೀಪದ ಸ್ವರಸ್ಥಾನವು ನಿಲ್ಲಬೇಕು. ಅನಂತರ ಬೆರಳು ತೂಗಿದಷ್ಟು ವೋಲ್ಟೇಜೂ ತೂಗಬೇಕು. ಒತ್ತಡವು ನಾದದ ಬಲವನ್ನು ಆಳಬೇಕು. ಒಂದು ವೋಲ್ಟನ್ನು 22 ಶ್ರುತಿಗಳಿಗೆ ಹಂಚಿದರೆ ಒಂದಕ್ಕೆ ಸರಾಸರಿ 45 ಮಿಲಿವೋಲ್ಟಷ್ಟೇ ಬರುವುದರಿಂದ ಅಲ್ಪದೋಷವೂ ಕಿವಿಗೆ ಮುಳ್ಳಾದೀತು. ಬೆರಳೆತ್ತುವಾಗ ಸ್ವರವು ಕುಸಿಯದಂತೆ ಕಡೆಯ ವೋಲ್ಟೇಜನ್ನು ಹಿಡಿದಿಡುವ ಘಟಕವೂ ಅವಶ್ಯ. ಷಡ್ಜಕ್ಕಾದರೋ ಎಷ್ಟು ತೂಗಿದರೂ ಅಲುಗದ ಬೇರೊಂದು ಫಲಕವೇ ಇರಲಿ. ಧ್ರುವವೀಣೆಯ ಕೆಲಸ ಅದು. ಬಯಲಾಟದ ಹಾರ್ಮೋನಿಯಮ್ಮೂ ಇರುಳೆಲ್ಲ ಮಾಡುವುದು ಅದನ್ನೇ.