ಕೋಲಾರ ಸೀಮೆಯ ಕಾಲಗಣನೆ

ಮುಳಬಾಗಿಲು ಮಾಲೂರಿಗಿಂತ ಪೂರ್ವಕ್ಕಿರುವುದರಿಂದ ಅಲ್ಲಿ ನಡುಹಗಲು ಸುಮಾರು 2 ನಿಮಿಷ ಮುಂಚೆ ಒದಗುವುದು. ಕೋಲಾರ, ಶ್ರೀನಿವಾಸಪುರಗಳು ಇವೆರಡರ ನಡುವಿನವು. 24 ನಿಮಿಷಗಳ ಘಳಿಗೆಯಿಂದ ಹೊತ್ತನ್ನೆಣಿಸುತ್ತಿದ್ದವರಿಗೆ ಈ ಅಂತರವು ಬಾಧಕವಾಗಿರಲಿಲ್ಲ. 1864ರಲ್ಲಿ ಮಾಲೂರಿನ ಮೇಲೆ ಬೆಂಗಳೂರಿಗೆ ರೈಲು ಬಂದಿತು. ಒಂದೇ ಹಳಿಯ ಮೇಲೆ ಎದುರುಬದುರಾಗಿ ಸಂಚರಿಸುವ ಗಾಡಿಗಳಿಗೆ ನಿಲ್ದಾಣಗಳ ಗಡಿಯಾರಭೇದವು ಪ್ರಾಣಾಪಾಯಕರವಷ್ಟೆ. ಆದುದರಿಂದ ಮುಂದೆ ರೈಲ್ವೆಯವರು ಮದರಾಸಿನ ಕಾಲವನ್ನು ತಂತಿಯ ಮೂಲಕ ತರಿಸಿ ಅನುಸರಿಸಿದರು; ಅದು ಮಾಲೂರಿನ ಸೂರ್ಯಮಾನಕ್ಕಿಂತ ಸುಮಾರು 9 ನಿಮಿಷ ಮುಂದಿದ್ದಿತು. 1906ರಲ್ಲಿ ಭಾರತಕ್ಕೆಲ್ಲ ಒಂದೇ ಕಾಲಮಾನವು ಬರಲು ಅಂತರವು 18 ನಿಮಿಷಗಳಾಯಿತು. ಇಂದಿನ ಗಣಕಜಾಲದ ಯಂತ್ರಗಳೂ ದೂರದ ಪರಮಾಣು ಗಡಿಯಾರವನ್ನೇ ಕೇಳಿ ತಮ್ಮನ್ನು ತಿದ್ದಿಕೊಳ್ಳುವುವು. ಪರಸ್ಪರ ಸುರಕ್ಷತೆಗಾಗಿ ಊರಿನ ನಡುಹಗಲನ್ನು ಬಿಟ್ಟುಕೊಟ್ಟ ಆ ಒಪ್ಪಂದವೇ ಇಂದಿಗೂ ನಡೆದುಬರುತ್ತಿರುವುದು.