ಉದ್ಯಮ ತಂತ್ರಾಂಶಗಳ ಜೋಡಣೆ: ನಿಗದಿತ ವೇಳೆಗೆ ಜಾಲಸೇವೆಯ ಸ್ವಯಂಚಾಲಿತ ಕರೆ

ಒಂದು ಉದ್ಯಮದಲ್ಲಿ ಮಾರಾಟ, ದಾಸ್ತಾನು, ಲೆಕ್ಕಪತ್ರ, ವೇತನ ಮುಂತಾದ ಕೆಲಸಗಳಿಗೆ ಬೇರೆ ಬೇರೆ ತಂತ್ರಾಂಶಗಳು ಬಳಕೆಯಲ್ಲಿರುವುದು ಸಾಮಾನ್ಯ. ಅವು ತಮ್ಮತಮ್ಮೊಳಗೆ ಮಾಹಿತಿಯನ್ನು ಕೇಳಿ ಪಡೆಯಲು ಬಳಸುವ ದಾರಿಯೇ ವೆಬ್ ಸರ್ವಿಸ್ ಅಥವಾ ಜಾಲಸೇವೆ. ಇದಕ್ಕಾಗಿ ರೂಪುಗೊಂಡ ಸೋಪ್ ಎಂಬ ನಿಯಮಾವಳಿಯ 1.2ನೇ ಆವೃತ್ತಿಯನ್ನು 2003ರಲ್ಲಿ ಡಬ್ಲ್ಯು3ಸಿ ಶಿಫಾರಸು ಮಾಡಿತು. ಅನಂತರ ರೆಸ್ಟ್ ಎಂಬ ಸರಳ ವಿಧಾನವೂ ಜೇಸನ್ ಎಂಬ ಹಗುರ ದತ್ತಾಂಶ ರೂಪವೂ ಹೆಚ್ಚು ಪ್ರಚಾರಕ್ಕೆ ಬಂದವು. ವಿಧಾನ ಯಾವುದೇ ಇರಲಿ, ಕರೆ ಮಾಡುವವರು ಯಾರು, ಯಾವಾಗ ಎಂಬ ಪ್ರಶ್ನೆ ಉಳಿದೇ ಇರುತ್ತದೆ. ಮನುಷ್ಯರಾರೂ ಗುಂಡಿ ಒತ್ತದೆ ಹೊತ್ತುಹೊತ್ತಿಗೆ ಕರೆ ಹೋಗುವಂತೆ ಏರ್ಪಾಡು ಮಾಡುವುದೇ ಈ ಲೇಖನದ ವಿಷಯ.

ಏರ್ಪಾಡಿನ ಮೊದಲ ಭಾಗ ಸುಲಭ. ಯೂನಿಕ್ಸ್‌ನಲ್ಲಿ 1970ರ ದಶಕದಿಂದಲೂ ಕ್ರಾನ್ ಎಂಬ ಪುಟ್ಟ ತಂತ್ರಾಂಶವಿದೆ. ನಿಮಿಷ, ಗಂಟೆ, ತಾರೀಖು, ತಿಂಗಳು, ವಾರ ಎಂಬ ಐದು ಅಂಕಣಗಳನ್ನು ತುಂಬಿ, ಮುಂದೆ ಆಜ್ಞೆಯನ್ನು ಬರೆದರೆ ಮುಗಿಯಿತು. ಮೊದಲ ಅಂಕಣದಲ್ಲಿ */15 ಎಂದೂ ಉಳಿದವುಗಳಲ್ಲಿ ನಕ್ಷತ್ರ ಚಿಹ್ನೆಯನ್ನೂ ಬರೆದರೆ ಪ್ರತಿ ಕಾಲು ಗಂಟೆಗೊಮ್ಮೆ ಕೆಲಸ ನಡೆಯುತ್ತದೆ. ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್, ಜಾವಾ ಬಳಸುವವರ ಕ್ವಾರ್ಟ್ಜ್, ಸ್ಯಾಪ್‌ನ ಹಿನ್ನೆಲೆ ಕೆಲಸಗಳು, ಒರಾಕಲ್ ಡೇಟಾಬೇಸ್‌ನ ಒಳಗಿರುವ ಶೆಡ್ಯೂಲರ್ ಇವೆಲ್ಲ ಇದೇ ಕೆಲಸವನ್ನು ಇನ್ನಷ್ಟು ಅನುಕೂಲಗಳೊಡನೆ ಮಾಡುತ್ತವೆ. ಕಷ್ಟವೆಲ್ಲ ಇರುವುದು ಎರಡನೆಯ ಭಾಗದಲ್ಲಿ: ಕರೆ ತಪ್ಪಿದರೆ ಏನು, ಎರಡು ಸಲ ಹೋದರೆ ಏನು ಎಂಬುದರಲ್ಲಿ.

ನಮ್ಮ ದೇಶದ ಒಂದು ಉದಾಹರಣೆಯನ್ನೇ ನೋಡೋಣ. ಜಿಎಸ್‌ಟಿ ವ್ಯವಸ್ಥೆಯ ಇ-ಇನ್‌ವಾಯ್ಸ್ 2020ರ ಅಕ್ಟೋಬರ್ 1ರಂದು 500 ಕೋಟಿ ರೂಪಾಯಿಗೂ ಮೀರಿದ ವಹಿವಾಟಿನ ಸಂಸ್ಥೆಗಳಿಗೆ ಕಡ್ಡಾಯವಾಯಿತು. ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟ್ 1ರಿಂದ 5 ಕೋಟಿಗೆ ಬಂದಿತು. ಮಾರಾಟಗಾರರ ತಂತ್ರಾಂಶವು ಬಿಲ್ಲಿನ ವಿವರಗಳನ್ನು ಜೇಸನ್ ರೂಪದಲ್ಲಿ ನೋಂದಣಿ ಪೋರ್ಟಲ್‌ಗೆ ಕಳುಹಿಸಬೇಕು. ಅಲ್ಲಿಂದ 64 ಅಕ್ಷರಗಳ ಐಆರ್‌ಎನ್ ಎಂಬ ಸಂಖ್ಯೆಯೂ ಕ್ಯೂಆರ್ ಸಂಕೇತವೂ ಮರಳಿ ಬರುತ್ತವೆ. ಕಡ್ಡಾಯವಿರುವ ಕಡೆ ಈ ಸಂಖ್ಯೆ ಇಲ್ಲದ ಬಿಲ್ಲು ಬಿಲ್ಲೇ ಅಲ್ಲ. ಕೊಂಡವನ ತೆರಿಗೆ ಜಮೆಗೂ ಅದರಿಂದ ತೊಡಕು. ಪೀಣ್ಯದ ಒಂದು ಕಾರ್ಖಾನೆ ಪ್ರತಿ 15 ನಿಮಿಷಕ್ಕೊಮ್ಮೆ ಹೊಸ ಬಿಲ್ಲುಗಳನ್ನು ಹೀಗೆ ಕಳುಹಿಸುತ್ತದೆ ಎಂದಿಟ್ಟುಕೊಳ್ಳಿ. ಲಾರಿ ಗೇಟಿನ ಬಳಿ ನಿಂತಿದೆ, ಸಂಖ್ಯೆ ಬಂದಿಲ್ಲ ಎಂದರೆ ಅದು ಗಣಕ ವಿಭಾಗದ ತೊಂದರೆ ಮಾತ್ರವಾಗಿ ಉಳಿಯುವುದಿಲ್ಲ.

ಇಲ್ಲಿ ಹೊಸಬರು ಮಾಡುವ ಮೊದಲ ತಪ್ಪು, ‘ಕಳೆದ 15 ನಿಮಿಷಗಳಲ್ಲಿ ತಯಾರಾದ ಬಿಲ್ಲುಗಳನ್ನು ಕಳುಹಿಸು’ ಎಂದು ಬರೆಯುವುದು. ಎಲ್ಲವೂ ಸರಿಯಿದ್ದಾಗ ಇದು ಸರಿಯಾಗಿಯೇ ನಡೆಯುತ್ತದೆ. ಸರ್ವರ್ ಅರ್ಧ ಗಂಟೆ ನಿಂತುಹೋದರೆ ಆ ಅವಧಿಯ ಬಿಲ್ಲುಗಳು ಯಾವ ಸುತ್ತಿಗೂ ಸೇರದೆ ಉಳಿದುಬಿಡುತ್ತವೆ. ಪ್ರತಿ ಬಿಲ್ಲಿನ ಪಕ್ಕದಲ್ಲಿ ‘ಕಳುಹಿಸಬೇಕಿದೆ’, ‘ಕಳುಹಿಸಲಾಗಿದೆ’, ‘ಸಂಖ್ಯೆ ಬಂದಿದೆ’ ಎಂಬ ಸ್ಥಿತಿಯನ್ನು ದಾಖಲಿಸಿ, ಸಂಖ್ಯೆ ಬಾರದೆ ಬಾಕಿ ಇರುವುದನ್ನೆಲ್ಲ ಪ್ರತಿ ಸುತ್ತಿನಲ್ಲೂ ಎತ್ತಿಕೊಳ್ಳುವುದೇ ಸರಿಯಾದ ಕ್ರಮ. ಆಗ ಒಂದು ಸುತ್ತು ತಪ್ಪಿದರೂ ಮುಂದಿನ ಸುತ್ತು ಅದನ್ನು ತುಂಬಿಕೊಳ್ಳುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮ. ನಾವು 30 ಸೆಕೆಂಡು ಕಾದು, ಉತ್ತರ ಬರಲಿಲ್ಲವೆಂದು ಕೈಬಿಟ್ಟೆವು. ಅತ್ತ ಕಡೆ ಕೆಲಸ ಆಗಿದೆಯೋ ಇಲ್ಲವೋ ನಮಗೆ ತಿಳಿಯದು. ಮತ್ತೆ ಕಳುಹಿಸಿದರೆ ಎರಡು ಬಿಲ್ಲಾದೀತು, ಕಳುಹಿಸದಿದ್ದರೆ ಒಂದೂ ಆಗದಿದ್ದೀತು. ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಇದಕ್ಕೆ ಸೊಗಸಾದ ಪರಿಹಾರವಿದೆ. ಮಾರಾಟಗಾರರ ಜಿಎಸ್‌ಟಿ ಸಂಖ್ಯೆ, ಆರ್ಥಿಕ ವರ್ಷ, ದಾಖಲೆಯ ಬಗೆ ಮತ್ತು ದಾಖಲೆಯ ಸಂಖ್ಯೆ ಈ ನಾಲ್ಕರಿಂದಲೇ ಐಆರ್‌ಎನ್ ಲೆಕ್ಕಹಾಕಲ್ಪಡುವುದರಿಂದ ಅದೇ ಬಿಲ್ಲಿಗೆ ಎಷ್ಟು ಸಲ ಲೆಕ್ಕ ಹಾಕಿದರೂ ಅದೇ ಸಂಖ್ಯೆ. ಎರಡನೆಯ ಸಲ ಕಳುಹಿಸಿದರೆ ‘ಇದು ಈಗಾಗಲೇ ಇದೆ’ ಎಂಬ ಉತ್ತರ ಬರುತ್ತದೆಯೇ ಹೊರತು ಎರಡನೆಯ ಬಿಲ್ಲು ಹುಟ್ಟುವುದಿಲ್ಲ. ನಮ್ಮ ತಂತ್ರಾಂಶ ಆ ಉತ್ತರವನ್ನು ದೋಷವೆಂದು ಬಗೆಯದೆ, ಹಿಂದಿನ ಕರೆ ಸಫಲವಾಗಿತ್ತು ಎಂದು ಅರ್ಥಮಾಡಿಕೊಳ್ಳಬೇಕು. ಎಲ್ಲ ಜಾಲಸೇವೆಗಳೂ ಇಷ್ಟು ವಿವೇಕಿಗಳಲ್ಲ. ಹಣ ಪಾವತಿಯ ಸೇವೆಯೊಂದನ್ನು ಕರೆಯುವಾಗ ಪ್ರತಿ ಪಾವತಿಗೂ ನಾವೇ ಒಂದು ವಿಶಿಷ್ಟ ಗುರುತು ಕೊಟ್ಟು, ಅದೇ ಗುರುತಿನಿಂದ ಮರುಪ್ರಯತ್ನ ಮಾಡುವುದು ರೂಢಿ. ಆ ಗುರುತನ್ನು ಎದುರು ಬದಿಯವರು ಪರಿಶೀಲಿಸುತ್ತಾರೆಯೇ ಎಂಬುದನ್ನು ಒಪ್ಪಂದಕ್ಕೆ ಮೊದಲೇ ಕೇಳಿಕೊಳ್ಳುವುದು ಲೇಸು.

ಒಂದು ಸುತ್ತು 15 ನಿಮಿಷದಲ್ಲಿ ಮುಗಿಯದೆ ಮುಂದಿನದು ಶುರುವಾದರೆ ಎರಡೂ ಅವೇ ಬಿಲ್ಲುಗಳನ್ನು ಎತ್ತಿಕೊಳ್ಳುತ್ತವೆ. ಡೇಟಾಬೇಸ್‌ನಲ್ಲಿ ಒಂದು ಬೀಗದ ಸಾಲು ಇಟ್ಟರೆ ಸಾಕು. ಬೀಗ ಹಾಕಿದವನೇ ಕುಸಿದುಬಿದ್ದರೆ ಅದು ತಾನಾಗಿ ತೆರೆಯುವಂತೆ ಅವಧಿಯನ್ನೂ ಇಡಬೇಕು.

ಗಡಿಯಾರದ ವಿಷಯಕ್ಕೆ ಬರೋಣ. ಬಹಳಷ್ಟು ಸರ್ವರ್‌ಗಳು ಯುಟಿಸಿ ಸಮಯದಲ್ಲಿ ಓಡುತ್ತವೆ. ನಮ್ಮ ಮಧ್ಯರಾತ್ರಿ ಅವಕ್ಕೆ ಹಿಂದಿನ ಸಂಜೆಯ 6:30. ಏಪ್ರಿಲ್ 1ರ ನಸುಕಿನ 2 ಗಂಟೆಗೆ ತಯಾರಾದ ಬಿಲ್ಲಿಗೆ ಸರ್ವರ್ ಗಡಿಯಾರದಿಂದಲೇ ದಿನಾಂಕ ಎತ್ತಿಕೊಂಡರೆ ಅದು ಮಾರ್ಚ್ 31 ಆಗುತ್ತದೆ, ಆರ್ಥಿಕ ವರ್ಷವೇ ತಪ್ಪುತ್ತದೆ. ಅಮೆರಿಕದ ಗ್ರಾಹಕರ ವ್ಯವಸ್ಥೆಗಳನ್ನು ಬೆಂಗಳೂರಿನಿಂದ ನೋಡಿಕೊಳ್ಳುವವರಿಗೆ ಇನ್ನೊಂದು ಕಾಟ. 2007ರಿಂದ ಅಲ್ಲಿನ ಬಹುತೇಕ ರಾಜ್ಯಗಳಲ್ಲಿ ಮಾರ್ಚ್‌ನ ಎರಡನೆಯ ಭಾನುವಾರ ನಸುಕಿನ 2 ಗಂಟೆಗೆ ಗಡಿಯಾರ 3ಕ್ಕೆ ಹಾರುತ್ತದೆ, ನವೆಂಬರ್‌ನ ಮೊದಲ ಭಾನುವಾರ 2ರಿಂದ 1ಕ್ಕೆ ಹಿಂದೆ ಸರಿಯುತ್ತದೆ. ಸ್ಥಳೀಯ ಸಮಯ 2:30ಕ್ಕೆ ಇಟ್ಟ ಕೆಲಸಕ್ಕೆ ಮಾರ್ಚ್‌ನ ಆ ದಿನ ವೇಳೆಯೇ ಇಲ್ಲ. 1:30ಕ್ಕೆ ಇಟ್ಟದ್ದು ನವೆಂಬರ್‌ನ ಆ ದಿನ ಎರಡು ಸಲ ನಡೆಯಬಹುದು. ಕೆಲವು ಶೆಡ್ಯೂಲರ್‌ಗಳು ಇದನ್ನು ತಾವೇ ಸಂಭಾಳಿಸುತ್ತವೆ, ಕೆಲವು ಇಲ್ಲ.

ಸರಿಯಾಗಿ 12 ಗಂಟೆಗೇ ಕೆಲಸ ಇಡುವ ಚಟವೂ ಒಳ್ಳೆಯದಲ್ಲ. ಎಲ್ಲರೂ ಅದನ್ನೇ ಮಾಡುತ್ತಾರೆ, ಗುಡಿಯ ಬಾಗಿಲು ತೆರೆದ ಗಳಿಗೆಯ ನೂಕುನುಗ್ಗಲು ಸರ್ವರ್‌ನ ಮುಂದೆಯೂ ಏಳುತ್ತದೆ. 12 ಗಂಟೆ 7 ನಿಮಿಷ ಎಂದಿಟ್ಟರೆ ಯಾರಿಗೂ ನಷ್ಟವಿಲ್ಲ. ಎದುರು ಬದಿಯಿಂದ 429 ಅಥವಾ 503 ಎಂಬ ಸಂಕೇತ ಬಂದರೆ ‘ತುಸು ತಾಳಿ’ ಎಂದರ್ಥ. ಮರುಪ್ರಯತ್ನದ ಅಂತರವನ್ನು 1, 2, 4, 8 ನಿಮಿಷ ಎಂದು ಹೆಚ್ಚಿಸುತ್ತಾ ಹೋಗಬೇಕು.

ವೇಳಾಪಟ್ಟಿಯ ತಂತ್ರಾಂಶವೇ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್‌ನ ಆರ್‌ಬಿಎಸ್ ಬ್ಯಾಂಕ್ ಸಮೂಹದ ಪ್ರಕರಣ ದಾಖಲೆಯಾಗಿದೆ. 2012ರ ಜೂನ್‌ನಲ್ಲಿ ರಾತ್ರಿ ವೇಳೆಯ ಕೆಲಸಗಳನ್ನು ನಡೆಸುವ ಶೆಡ್ಯೂಲರ್‌ನ ಹೊಸ ಆವೃತ್ತಿಯನ್ನು ಅಳವಡಿಸಲಾಯಿತು. ತೊಂದರೆ ಕಂಡಾಗ, ಪರಿಣಾಮವನ್ನು ಪರೀಕ್ಷಿಸದೆಯೇ ಅದನ್ನು ತೆಗೆದುಹಾಕಲಾಯಿತು. ಬ್ರಿಟನ್‌ನ ಕನಿಷ್ಠ 65 ಲಕ್ಷ ಗ್ರಾಹಕರಿಗೆ ಇದರ ಬಿಸಿ ತಟ್ಟಿತು. ಸಂಬಳ ಖಾತೆಗೆ ಬಾರದೆ, ಕಂತು ಕಟ್ಟಲಾಗದೆ ಜನ ಪರದಾಡಿದರು. 2014ರಲ್ಲಿ ನಿಯಂತ್ರಕ ಸಂಸ್ಥೆಗಳು ಒಟ್ಟು 5.6 ಕೋಟಿ ಪೌಂಡ್ ದಂಡ ವಿಧಿಸಿದವು.

ಸದ್ದಿಲ್ಲದ ಸೋಲು ಇದಕ್ಕಿಂತ ಹೆಚ್ಚು ಸಾಮಾನ್ಯ. ಕೆಲಸ ನಡೆದು ವಿಫಲವಾದರೆ ದೋಷದ ಸಂದೇಶ ಬರುತ್ತದೆ. ಕೆಲಸ ಶುರುವೇ ಆಗದಿದ್ದರೆ ಸಂದೇಶ ಕಳುಹಿಸುವವರೇ ಇರುವುದಿಲ್ಲ. ಆದ್ದರಿಂದ ‘ಒಂದು ಗಂಟೆಯಿಂದ ಯಾವ ಸುತ್ತೂ ಯಶಸ್ವಿಯಾಗಿ ಮುಗಿದಿಲ್ಲ’ ಎಂಬುದನ್ನು ಬೇರೆಯೇ ಯಂತ್ರವೊಂದು ಗಮನಿಸುತ್ತಿರಬೇಕು. ಕ್ರಾನ್ ತನ್ನ ವರದಿಯನ್ನು ಮಿಂಚಂಚೆಯಲ್ಲಿ ಕಳುಹಿಸಬಲ್ಲದು. ಆದರೆ ಕೆಲಸ ಬಿಟ್ಟುಹೋದ ನೌಕರನ ವಿಳಾಸಕ್ಕೆ ಅದು ವರ್ಷಗಟ್ಟಲೆ ಹೋಗುತ್ತಲೇ ಇರುವುದುಂಟು.

ಘಟನೆ ನಡೆದ ಕ್ಷಣವೇ ಸಂದೇಶ ಕಳುಹಿಸುವ ವಿಧಾನ ಬಂದ ಮೇಲೆ ವೇಳಾಪಟ್ಟಿ ಏಕೆ ಎಂದು ಕೆಲವರು ಕೇಳುತ್ತಾರೆ. ಬಿಲ್ಲು ಸಿದ್ಧವಾದ ಕೂಡಲೇ ಕರೆ ಹೋಗುವುದು ಖಂಡಿತ ಉತ್ತಮ. ಆದರೆ ಹಾಗೆ ಹೋದ ಸಂದೇಶಗಳಲ್ಲೂ ಕೆಲವು ಕಳೆದುಹೋಗುತ್ತವೆ. 2025ರ ಏಪ್ರಿಲ್ 1ರಿಂದ 10 ಕೋಟಿ ಮತ್ತು ಅದಕ್ಕಿಂತ ಹೆಚ್ಚಿನ ವಹಿವಾಟಿನವರು ಬಿಲ್ಲಿನ ದಿನಾಂಕದಿಂದ 30 ದಿನಗಳೊಳಗೆ ನೋಂದಾಯಿಸಬೇಕು, ಅನಂತರ ಪೋರ್ಟಲ್ ಅದನ್ನು ಸ್ವೀಕರಿಸದು. ಪ್ರತಿ ರಾತ್ರಿ ಒಮ್ಮೆ ಎರಡೂ ಕಡೆಯ ಪಟ್ಟಿಯನ್ನು ತಾಳೆ ನೋಡಿ, ಸಂಖ್ಯೆ ಬಾರದೆ ಉಳಿದ ಬಿಲ್ಲುಗಳನ್ನು ಬೆಳಗ್ಗೆ ಲೆಕ್ಕಪತ್ರ ವಿಭಾಗದ ಮೇಜಿನ ಮೇಲಿಡುವ ಕೆಲಸ ವೇಳಾಪಟ್ಟಿಯ ಪಾಲಿಗೇ ಉಳಿದಿದೆ.